ಕೂರುವ ಕೆಲಸ

“ನೂರು ಕುರ್ಚಿ ಒಬ್ಬರ ಕುಂಡಿಗೆ ಕಾಯ್ಬೇಕಾ? ನಿನ್ನ ತಲೇಲಿರೋದು ಮಿದುಳಾ, ಮರದ ಪುಡಿಯಾ?”

ಇದು ನಾನು ನನ್ನ ಅಣ್ಣನಿಗೆ ಹೇಳಿದ ಮಾತು. ಅವನು ಕೈಯಲ್ಲಿದ್ದ ಕೊಡತಿಯನ್ನು ಮೇಜಿನ ಮೇಲೆ ಕುಕ್ಕಿ, ನಾಲಿಗೆ ಬಿಗಿ ಹಿಡಿ, ಆ ಕುಂಡಿ ನಮ್ಮ ಅಮ್ಮನ ತಮ್ಮನದು ಎಂದ. ಯಾರದ್ದು ಎಂದು ಕುರ್ಚಿಗೇನು ಗೊತ್ತಾಗುತ್ತದೆ ಎಂದು ಕೇಳಿದೆ. ಕುರ್ಚಿಗೆ ಗೊತ್ತಾಗುವಷ್ಟೂ ನಿನಗೆ ಗೊತ್ತಾಗುವುದಿಲ್ಲ ಎಂದ. ಪಾಲಿಶ್ ಹಚ್ಚುತ್ತಿದ್ದ ಅತ್ತಿಗೆ ತಲೆ ಎತ್ತದೆಯೇ, ಮೇಲೆ ಮಾವ ಊಟಕ್ಕೆ ಕೂತಿದ್ದಾರೆ, ಅವರ ಗಂಟಲಲ್ಲಿ ತುತ್ತು ಸಿಕ್ಕಿಕೊಳ್ಳುವ ಹಾಗೆ ಅರಚಬೇಡಿ ಎಂದರು. ಇಬ್ಬರೂ ದನಿ ತಗ್ಗಿಸಿ, ಪಿಸುಮಾತಿನಲ್ಲಿ ಬೈದಾಡಿಕೊಂಡೆವು. ಪಿಸುಮಾತಿನಲ್ಲಿ ಬೈಯುವುದು ಬಹಳ ಕಷ್ಟ. ಕತ್ತಿನ ನರ ಉಬ್ಬುತ್ತದೆ.

ನಮ್ಮದು ಕುರ್ಚಿ ಮಾಡುವ ಕಾರ್ಖಾನೆ. ಕಾರ್ಖಾನೆ ಎಂದರೆ ಉದ್ದನೆಯ ಒಂದು ಶೆಡ್ಡು, ಹಿಂದೆ ನಲ್ಲಿ, ಮೇಲೆ ಮನೆ, ಅಷ್ಟೇ. ಅಣ್ಣ ಕಾಲು, ಕೈ, ಬೆನ್ನು ಕೆತ್ತುತ್ತಾನೆ. ನಾನು ಅವನ್ನು ಕೂಡಿಸುತ್ತೇನೆ. ಅತ್ತಿಗೆ ಉಪ್ಪುಕಾಗದ ಉಜ್ಜಿ ಪಾಲಿಶ್ ಮಾಡುತ್ತಾರೆ. ಮಾವ ಕೂರುತ್ತಾರೆ.

ತಮಾಷೆಗೆ ಹೇಳುತ್ತಿಲ್ಲ. ಕೂರುವುದೇ ಅವರ ಕೆಲಸ. ಮಾವ ಕೂರದೆ ಒಂದು ಕುರ್ಚಿಯೂ ಈ ಬಾಗಿಲು ದಾಟಕೂಡದು ಎಂದು ಅಪ್ಪ ಮಾಡಿದ ಕಟ್ಟಲೆ. ಅಪ್ಪ ಹೋದರು, ಕಟ್ಟಲೆ ಹೋಗಲಿಲ್ಲ. ಕುರ್ಚಿ ಮುಗಿದ ಮೇಲೆ ಮಾವ ಅದರ ಸುತ್ತ ಒಮ್ಮೆ ಬರುತ್ತಾರೆ. ಪಂಚೆ ಸರಿಮಾಡಿಕೊಂಡು ಕೂರುತ್ತಾರೆ. ಕಣ್ಣು ಮುಚ್ಚುತ್ತಾರೆ. ಎಡಕ್ಕೆ ವಾಲುತ್ತಾರೆ, ಬಲಕ್ಕೆ ವಾಲುತ್ತಾರೆ, ಬೆನ್ನು ಚಾಚುತ್ತಾರೆ. ಒಂದು ಲೋಟ ಬಿಸಿ ಚಹ ಕುಡಿದು ಮುಗಿಸುವಷ್ಟು ಹೊತ್ತಾದ ಮೇಲೆ “ಹ್ಞೂಂ” ಎನ್ನುತ್ತಾರೆ. ಹ್ಞೂಂ ಎಂದರೆ ಕುರ್ಚಿ ಹೋಗಬಹುದು. ಒಮ್ಮೊಮ್ಮೆ ಹ್ಞೂಂ ಬದಲು ಗೊರಕೆ ಬರುತ್ತದೆ. ಆಗ ಕಾಯಬೇಕು.

ಹಿಂದೆ ಮಾವ ಒಳ್ಳೆಯ ಬಡಗಿ. ನಾವು ಚಿಕ್ಕವರಿದ್ದಾಗ ಯಂತ್ರದ ಗರಗಸ ಅವರ ಬಲಗೈಯ ಮೂರು ಬೆರಳನ್ನು ತಿಂದಿತು. ಉಳಿ ಹಿಡಿಯಲಾಗದವರಿಗೆ ಶೆಡ್ಡಿನಲ್ಲಿ ಏನು ಕೆಲಸ? ಆದರೂ ಮಾವ ದಿನಾ ಎಲ್ಲರಿಗಿಂತ ಮೊದಲು ಕೆಳಗಿಳಿಯುತ್ತಿದ್ದರು, ಎಲ್ಲರಿಗಿಂತ ಕೊನೆಗೆ ಮೇಲೆ ಹತ್ತುತ್ತಿದ್ದರು. ರಾತ್ರಿ ತಟ್ಟೆಯ ಮುಂದೆ “ಇವತ್ತು ಸುಸ್ತಪ್ಪ” ಎನ್ನುತ್ತಿದ್ದರು. ಆ ಒಂದು ಮಾತು ಆಡಿದ ಮೇಲೇ ಅವರಿಗೆ ಅನ್ನ ಇಳಿಯುತ್ತಿದ್ದುದು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯನ್ನು ನಮ್ಮ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಮಾವ ಕೂತು ಉಣ್ಣುವವರಲ್ಲ, ಕೂತು ದುಡಿಯುವವರು. ಆ ಕೂರುವುದನ್ನು ತೆಗೆದುಬಿಟ್ಟರೆ ಅವರು ಅಕ್ಕನ ಮನೆಯಲ್ಲಿ ಉಳಿದುಕೊಂಡ ನೆಂಟ, ಅಷ್ಟೇ.

ಇದು ಗೊತ್ತಿದ್ದೂ ನಾನು ಯಾಕೆ ಹಾರಾಡಿದೆ ಎಂದರೆ, ಅದಕ್ಕೆ ಕಾಲೇಜಿನ ಮೇಷ್ಟ್ರು ಕಾರಣ.

ಅವರ ಕಾಲೇಜಿನಲ್ಲಿ ಚರ್ಚೆ ಮಾಡಲಿಕ್ಕೆಂದೇ ಒಂದು ಸಭಾಂಗಣ ಕಟ್ಟಿಸಿದ್ದಾರಂತೆ. ಚರ್ಚೆಗೆ ಸಭಾಂಗಣ ಯಾಕೋ ನನಗೆ ತಿಳಿಯದು, ನಮ್ಮಲ್ಲಿ ಬಚ್ಚಲಿನಲ್ಲೂ ನಡೆಯುತ್ತದೆ. ಅದಕ್ಕೆ ನೂರು ಕುರ್ಚಿ ಹೇಳಿದ್ದರು. ಎಲ್ಲಿಗೆ ಬಂತು ನೋಡೋಣ ಎಂದು ಈ ಜಗಳದ ಹಿಂದಿನ ದಿನ ಬಂದರೆ, ಮುಗಿದ ಕುರ್ಚಿಗಳ ಸಾಲಿನ ನಡುವೆ ಮಾವ ಕಣ್ಣು ಮುಚ್ಚಿ ಕೂತಿದ್ದಾರೆ. ಮೇಷ್ಟ್ರು ಪಾಪ, ಯಾರೋ ಧ್ಯಾನದಲ್ಲಿದ್ದಾರೆಂದು ಚಪ್ಪಲಿ ಬಿಟ್ಟು ಮೆಲ್ಲಗೆ ನಡೆದರು. ಮಾವ ಊಟಕ್ಕೆ ಮೇಲೆ ಹೋದ ಮೇಲೆ ವಿಷಯ ಕೇಳಿದರು. ಅದು ನಮ್ಮಲ್ಲಿ ಹಿಂದಿನಿಂದ ಬಂದದ್ದು ಎಂದ ಅಣ್ಣ. ಹಿಂದಿನಿಂದ ಬಂದದ್ದೇನೋ ನಿಜ, ಮುಂದಕ್ಕೆ ಹೋಗಲು ಬಿಡುತ್ತಿಲ್ಲ ಎಂದೆ ನಾನು.

ಮೇಷ್ಟ್ರ ಮುಖ ಅರಳಿತು. “ನಮ್ಮ ಸಭಾಂಗಣದ ಮೊದಲನೇ ಚರ್ಚೆಯೇ ನೀವಿಬ್ಬರು. ಅವರು ಸಂಪ್ರದಾಯವಾದಿ, ನೀವು ಉದಾರವಾದಿ.”

ಅತ್ತಿಗೆ ಪಾಲಿಶ್ ಬಟ್ಟೆ ಕೆಳಗಿಟ್ಟರು. “ಯಾರು, ಇವನು ಉದಾರಿನಾ? ಒಂದು ಮೊಳೆ ಕೇಳಿದ್ರೆ ಬಗ್ಗಿರೋದನ್ನ ಹುಡುಕಿ ಕೊಡ್ತಾನೆ.”

ಈ ಉದಾರ ಕೈಯದಲ್ಲ, ತಲೆಯದು ಎಂದು ಮೇಷ್ಟ್ರು ಬಿಡಿಸಿ ಹೇಳಿದರು. ತಲೆಯದಾದರೆ ಇನ್ನೂ ಕಷ್ಟ ಎಂದು ಅತ್ತಿಗೆ ಮತ್ತೆ ಬಟ್ಟೆ ಎತ್ತಿಕೊಂಡರು.

ಮೇಷ್ಟ್ರು ಒಂದು ಕುರ್ಚಿ ಎಳೆದುಕೊಂಡು ಕೂತರು. ಮಾವ ಇನ್ನೂ ಕೂರದ ಕುರ್ಚಿ. ಅಣ್ಣ ಹಲ್ಲು ಕಚ್ಚಿಕೊಂಡ. ಅವರು ಹೇಳಿದ್ದು ನನಗೆ ತಿಳಿದಷ್ಟು ಹೀಗೆ. ಎಲ್ಲರೂ ಮಾಡಿಕೊಂಡು ಬಂದದ್ದನ್ನೇ ಮಾಡಿಕೊಂಡು ಹೋಗುತ್ತಿದ್ದ ಕಾಲದಲ್ಲಿ ಜಗತ್ತಿನಲ್ಲಿ ಒಬ್ಬನೇ ಒಬ್ಬ ಸಂಪ್ರದಾಯವಾದಿ ಇರಲಿಲ್ಲವಂತೆ. ಉಸಿರಾಡುವವರು ಯಾರಾದರೂ ನಾನು ಉಸಿರುವಾದಿ ಎಂದು ಹೇಳಿಕೊಳ್ಳುತ್ತಾರೆಯೇ? ಮೊದಲು ಬಂದದ್ದು ಉದಾರವಾದ. ಮನುಷ್ಯ ಹುಟ್ಟಾ ಸ್ವತಂತ್ರ, ಆಳುವವನಿಗೂ ಆಳಿಸಿಕೊಳ್ಳುವವರ ಒಪ್ಪಿಗೆ ಬೇಕು, ಕಾರಣ ಹೇಳಲಾಗದ ಯಾವುದಕ್ಕೂ ತಲೆ ಬಾಗಬೇಕಿಲ್ಲ ಎಂದು ಕೆಲವರು ಬರೆದರು. ಆಮೇಲೆ ಒಂದು ದೇಶದ ಜನ ತಮ್ಮ ರಾಜನ ಕೈ ಕಟ್ಟಿ, ಹಳೆಯದನ್ನೆಲ್ಲ ಕಿತ್ತು, ಎಲ್ಲವನ್ನೂ ಹೊಸದಾಗಿ ಅಳೆದು ಕಟ್ಟಲು ಹೊರಟರು. ಪಕ್ಕದ ದೇಶದಲ್ಲಿ ಒಬ್ಬ ಮುಂದಾಳು ಇದನ್ನು ಕಂಡು ಬೆಚ್ಚಿಬಿದ್ದ. ಅವನು ರಾಜನ ಬಾಲಬಡುಕನಲ್ಲ. ಸ್ವಾತಂತ್ರ್ಯ ಕೇಳಿದವರ ಪರವಾಗಿ ಮೊದಲೇ ವಾದಿಸಿ ಹೆಸರಾಗಿದ್ದವನು. ಸ್ವಾತಂತ್ರ್ಯ ಬೇಡವೆಂದಲ್ಲ, ಆದರೆ ಅದು ಅಜ್ಜಂದಿರು ಬಾಳಿ ಬಿಟ್ಟುಹೋದ ಮನೆಯ ಹಾಗೆ. ಸೋರಿದರೆ ಹೆಂಚು ಬದಲಾಯಿಸಿ, ಬುಡಕ್ಕೆ ಪಿಕಾಸಿ ಹಾಕಬೇಡಿ ಎಂಬುದು ಅವನ ವಾದ. ಸಂಪ್ರದಾಯವಾದ ಹುಟ್ಟಿದ್ದೇ ಅಲ್ಲಿ. ಪಾಪ, ಅವನಿಗೆ ಒಂದೇ ತೊಂದರೆ. ಎಲ್ಲದಕ್ಕೂ ಕಾರಣ ಕೇಳಬೇಡಿ ಎಂದು ಹೇಳುವುದಕ್ಕೂ ಕಾರಣ ಕೊಡಬೇಕಾಯಿತು. ಎದುರಾಳಿಯ ಉಳಿಯನ್ನೇ ಈಸಿಕೊಂಡು ಕೆತ್ತಬೇಕಾಯಿತು.

ಅಣ್ಣ ಇಷ್ಟನ್ನೂ ಕೈಕಟ್ಟಿ ಕೇಳಿ, ಕೊನೆಗೆ ಒಂದೇ ಪ್ರಶ್ನೆ ಹಾಕಿದ. “ಹಾಗಾದ್ರೆ ಈ ಎರಡರಲ್ಲಿ ಅಣ್ಣ ಯಾರು, ತಮ್ಮ ಯಾರು?”

“ಉದಾರವಾದಾನೇ ಅಣ್ಣ,” ಎಂದರು ಮೇಷ್ಟ್ರು. “ಸಂಪ್ರದಾಯವಾದ ಅದರ ಬೆನ್ನಿಗೆ ಬಿದ್ದ ತಮ್ಮ. ಮುಖ ಮಾತ್ರ ಮುದುಕನದು.”

ಅಣ್ಣನ ಹಳೆ ಚಡ್ಡಿಗಳನ್ನು ಹಾಕಿಕೊಂಡು ಬೆಳೆದವನಿಗೆ ಮಾತ್ರ ಆ ಕ್ಷಣದ ಸುಖ ಗೊತ್ತು. ನಲವತ್ತು ದಾಟಿದ ಮೇಲೆ ನಾನು ಅಣ್ಣನಾದೆ. ಲಾರಿ ನಾಡಿದ್ದು ಬರುತ್ತದೆ, ನೂರೂ ಸಿದ್ಧವಿರಲಿ ಎಂದು ಹೇಳಿ ಮೇಷ್ಟ್ರು ಹೊರಟುಹೋದರು. ಅಣ್ಣ ಆ ರಾತ್ರಿ ನನ್ನ ಪಕ್ಕ ಊಟಕ್ಕೆ ಕೂರಲಿಲ್ಲ.

ಮಾರನೆಯ ದಿನ ನಡೆದದ್ದೇ ಈ ಜಗಳ. ಇನ್ನೂ ಅರವತ್ತು ಕುರ್ಚಿಗೆ ಮಾವನ ಹ್ಞೂಂ ಸಿಕ್ಕಿರಲಿಲ್ಲ. ಹ್ಞೂಂ ಇಲ್ಲದೆಯೇ ಕಳಿಸೋಣ ಎಂದೆ ನಾನು. ಸಾಧ್ಯವಿಲ್ಲ ಎಂದ ಅಣ್ಣ. ಹಾಗಾದರೆ ಒಂದು ಕಾರಣ ಹೇಳು, ಒಂದೇ ಒಂದು, ನಾನು ಬಾಯಿ ಮುಚ್ಚುತ್ತೇನೆ ಎಂದೆ.

ಮೊನ್ನೆಯವರೆಗೂ ಅಣ್ಣ ಇಂಥ ಮಾತಿಗೆ ಉತ್ತರ ಕೊಡುತ್ತಿರಲಿಲ್ಲ, ಕೊಡತಿ ತೋರಿಸುತ್ತಿದ್ದ. ಮೇಷ್ಟ್ರ ಪಾಠ ಅವನಿಗೂ ತಗಲಿತ್ತು. “ಅವರು ಕೂತ್ರೆ ಗೊತ್ತಾಗುತ್ತೆ ಕಣೋ. ಕಾಲು ಅಲ್ಲಾಡ್ತಿದ್ರೆ ಹೇಳ್ತಾರೆ.”

“ಯಾವತ್ತು ಹೇಳಿದ್ದಾರೆ?”

“ಹೇಳೋ ಹಾಗೆ ನಾನು ಯಾವತ್ತು ಮಾಡಿದ್ದೀನಿ?”

ಅತ್ತಿಗೆ ಅಡ್ಡ ಬಂದರು. ಕಾರಣ ಗೀರಣ ಯಾಕೆ, ಕೂತರೆ ಕೂರಲಿ, ನಿಮ್ಮ ಗಂಟೇನು ಹೋಗುತ್ತದೆ ಎಂದರು. ನಾನು, ಅತ್ತಿಗೆ, ಇದು ಮಾವನ ಒಳ್ಳೆಯದಕ್ಕೇ, ಈ ವಯಸ್ಸಿನಲ್ಲಿ ಅವರಿಗೂ ಬಿಡುಗಡೆ ಬೇಡವೇ ಎಂದೆ. ಬಿಡುಗಡೆ ಕೊಡಲು ಅವರೇನು ಜೈಲಿನಲ್ಲಿದ್ದಾರೆಯೇ, ಕೇಳಿದರೆ ಕೊಡು, ಕೇಳದೆ ಕೊಟ್ಟರೆ ಅದಕ್ಕೆ ಹೊರಹಾಕುವುದು ಅನ್ನುತ್ತಾರೆ ಎಂದು ಅತ್ತಿಗೆ ಕಡ್ಡಿ ಮುರಿದಂತೆ ಹೇಳಿದರು. ಅದನ್ನು ಕೇಳಿಸಿಕೊಳ್ಳಬೇಕಿತ್ತು. ಆದರೆ ನಾನು ಆಗ ತಾನೇ ಅಣ್ಣನಾದವನು.

ಪರೀಕ್ಷೆ ಮಾಡೋಣ ಎಂದೆ. ಹತ್ತು ಕುರ್ಚಿ ಸಾಲಾಗಿ ಇಡುತ್ತೇನೆ, ಒಂದರ ಕಾಲಿಗೆ ಗೋಂದು ಹಾಕಿರುವುದಿಲ್ಲ, ಸುಮ್ಮನೆ ಸಿಕ್ಕಿಸಿರುತ್ತೇನೆ. ಮಾವ ಅದನ್ನು ಹಿಡಿದರೆ ಸಾಯುವ ತನಕ ಅವರು ಕೂರಲಿ, ನಾನು ಕೇಳುವುದಿಲ್ಲ. ಹಿಡಿಯದಿದ್ದರೆ ಕಟ್ಟಲೆ ಮುಗಿಯಿತು.

ಅಣ್ಣ ಒಪ್ಪಬಾರದಿತ್ತು. ಅವನ ಜಾಗದಲ್ಲಿ ಅಪ್ಪ ಇದ್ದಿದ್ದರೆ ನನ್ನ ಕೆನ್ನೆಗೆ ಒಂದು ಬಿಟ್ಟು ಕೆಲಸ ನೋಡು ಎನ್ನುತ್ತಿದ್ದರು. ಅಣ್ಣ ಒಪ್ಪಿದ. ಅವನಿಗೆ ನಿಜವಾಗಿಯೂ ಗೆಲ್ಲುವ ಆಸೆ ಬಂದುಬಿಟ್ಟಿತ್ತು.

ಮಾವ ಊಟ ಮುಗಿಸಿ ಬಾಯಿ ಒರೆಸಿಕೊಳ್ಳುತ್ತ ಕೆಳಗಿಳಿದರು. ಸಾಲು ನೋಡಿ, ಇವತ್ತು ಮೈ ಮುರಿಯುವಷ್ಟಿದೆ ಎಂದು ಸಂತೋಷಪಟ್ಟರು. ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ಮೊದಲನೆಯದರ ಸುತ್ತ ಬಂದು ಕೂತರು. ನಾನು ಬೇಕೆಂದೇ ಬೆನ್ನು ಹಾಕಿ ಕೆಲಸ ಮಾಡುತ್ತಿದ್ದೆ. ಅಣ್ಣ ಒಂದೇ ಮರದ ತುಂಡನ್ನು ಸುಮ್ಮನೆ ಕೀಸುತ್ತಿದ್ದ, ಅದು ಕಡ್ಡಿಯ ಹಾಗಾಗಿತ್ತು. ಹ್ಞೂಂ ಬಂತು. ಇನ್ನೊಂದು ಹ್ಞೂಂ ಬಂತು. ನಾನು ಗೋಂದು ಹಾಕದ ಕುರ್ಚಿಗೆ ಬಂದಾಗ ಮಾವ ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು, ಬೆನ್ನು ಚಾಚಿದರು. ಕಾಲು ಕಿರ್ ಎಂದದ್ದು ನನಗೆ ಇಲ್ಲಿಂದ ಕೇಳಿಸಿತು. ಮಾವ ಹಗುರ ಆಳು, ಕುರ್ಚಿ ತಡೆದುಕೊಂಡಿತು. “ಹ್ಞೂಂ,” ಎಂದರು ಮಾವ. ಹತ್ತಕ್ಕೂ ಹ್ಞೂಂ ಎಂದು, ಕೈಕಾಲು ತೊಳೆದುಕೊಂಡು ಬರುತ್ತೇನೆ ಎಂದು ಹಿತ್ತಲಿನ ನಲ್ಲಿಗೆ ಹೋದರು.

ನಾನು ಅಣ್ಣನ ಕಡೆ ತಿರುಗಿ, ಮುಗೀತಾ ಎಂದೆ. ನೀನು ಮೋಸ ಮಾಡಿದ್ದೀಯ, ಎಲ್ಲದಕ್ಕೂ ಗೋಂದು ಹಾಕಿದ್ದೀಯ ಎಂದು ಅಣ್ಣ ಎದ್ದ. ಮಾವ ಹ್ಞೂಂ ಎಂದರೆ ಹ್ಞೂಂ, ತೋರಿಸುತ್ತೇನೆ ನೋಡು ಎಂದು ಮೊದಲನೆಯದರಲ್ಲಿ ಧೊಪ್ಪನೆ ಕೂತ. ಏನೂ ಆಗಲಿಲ್ಲ. ಎರಡನೆಯದರಲ್ಲಿ ಕೂತ. ಒಂದೊಂದಕ್ಕೂ ಅವನ ಮುಖದಲ್ಲಿ ಗೆಲುವು ಏರುತ್ತಿತ್ತು. ನಮ್ಮಣ್ಣ ಸಣ್ಣ ಆಳಲ್ಲ, ಲಾರಿಯಿಂದ ಇಳಿಸಿದ ದಿಮ್ಮಿ. ನನ್ನ ಕುರ್ಚಿಗೆ ಬಂದು ಕೂತದ್ದೇ ತಡ, ಹಿಂದಿನ ಕಾಲು ಕಿತ್ತುಕೊಂಡು ಹೋಗಿ, ಅವನು ಮರದ ಪುಡಿಯ ರಾಶಿಯಲ್ಲಿ ಅಂಗಾತ ಬಿದ್ದ. ಎರಡು ಕಾಲೂ ಆಕಾಶಕ್ಕೆ. ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಏನನ್ನೂ ಮುಚ್ಚಿಕೊಳ್ಳಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕೆ.

ಬಿದ್ದಲ್ಲಿಂದಲೇ ಅಣ್ಣ ಕೂಗಿದ.

“ಅವರಿಗೆ ಗೊತ್ತಾಗಲ್ಲ ಅಂತ ಅಪ್ಪನಿಗೆ ಗೊತ್ತಿರ್ಲಿಲ್ವೇನೋ, ದರಿದ್ರದವನೇ? ಬೆರಳು ಹೋದ್ಮೇಲೆ ಬಿಟ್ಟಿ ಅನ್ನ ಅಂತ ಅವರು ತಟ್ಟೆ ಮುಂದೆ ತಲೆ ತಗ್ಗಿಸಬಾರ್ದು ಅಂತ ಅಪ್ಪ ಹುಟ್ಟಿಸಿದ ಕೆಲಸ ಕಣೋ ಇದು. ಕಾರಣ ಬೇಕಿತ್ತಲ್ಲ, ತಗೋ ಕಾರಣ.”

ಒಳ್ಳೆಯ ಕಾರಣ. ಅದಕ್ಕಿಂತ ಒಳ್ಳೆಯದನ್ನು ಯಾವ ಸಭಾಂಗಣದಲ್ಲೂ ಯಾರೂ ಹೇಳಲಾರರು. ನಾನು ಸೋತೆ, ಕಟ್ಟಲೆ ಇರಲಿ ಎನ್ನಲು ಬಾಯಿ ತೆರೆದೆ. ಅತ್ತಿಗೆಯ ಮುಖ ನೋಡಿ ಹಿಂದಕ್ಕೆ ತಿರುಗಿದೆ. ಹಿಂಬಾಗಿಲಲ್ಲಿ ಮಾವ ನಿಂತಿದ್ದರು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಅವರು ಬಂದು ಎಡಗೈ ಚಾಚಿ ಅಣ್ಣನನ್ನು ಎಬ್ಬಿಸಿದರು. ಅವನ ಬೆನ್ನಿಗೆ ಅಂಟಿದ ಪುಡಿ ಕೊಡವಿದರು. ಕಿತ್ತುಹೋದ ಕಾಲನ್ನು ಎತ್ತಿ ನೋಡಿ ಮೇಜಿನ ಮೇಲಿಟ್ಟರು. ಅತ್ತಿಗೆ, ಇವರಿಬ್ಬರಿಗೂ ತಲೆ ಕೆಟ್ಟಿದೆ ಮಾವ, ಜಗಳದಲ್ಲಿ ಬಾಯಿಗೆ ಬಂದದ್ದು ಆಡುತ್ತಾರೆ, ನಿಮಗೆ ಗೊತ್ತಿಲ್ಲವೇ ಎಂದು ಏನೇನೋ ಹೇಳಿದರು.

“ಗೊತ್ತಿತ್ತಮ್ಮ,” ಎಂದರು ಮಾವ. “ಇವರಪ್ಪನಿಗೆ ಗೊತ್ತಿತ್ತು. ನಂಗೂ ಗೊತ್ತಿತ್ತು. ನಿಂಗೂ ಗೊತ್ತಿತ್ತು. ಬಾಯಿ ಬಿಟ್ಟು ಹೇಳಿದ್ದು ಇವರೇ ಮೊದಲು.”

ಅಣ್ಣ ಅವರ ಕೈ ಹಿಡಿದುಕೊಂಡ. ಉಳಿದ ಎಲ್ಲದರಲ್ಲೂ ನೀವೇ ಕೂರಬೇಕು, ಲಾರಿ ಬೇಕಾದರೆ ಒಂದು ತಿಂಗಳು ಬೀದಿಯಲ್ಲಿ ನಿಲ್ಲಲಿ ಎಂದ. ನಾನು ಅವನಿಗಿಂತ ಜೋರಾಗಿ ಅದನ್ನೇ ಹೇಳಿದೆ. ಹುಟ್ಟಿದಾಗಿನಿಂದ ನಾವಿಬ್ಬರೂ ಒಂದೇ ಮಾತು ಆಡಿದ್ದು ಅವತ್ತೇ ಇರಬೇಕು. ನಮ್ಮ ಉದಾರವಾದ, ಸಂಪ್ರದಾಯವಾದ ಎರಡೂ ಸೇರಿ ಅವರ ಮುಂದೆ ಕೈಮುಗಿದು ನಿಂತವು.

“ಇನ್ನು ಹೇಗಪ್ಪ ಕೂರ್ಲಿ?” ಎಂದರು ಮಾವ. ಕೋಪವೇ ಇರಲಿಲ್ಲ ಅವರ ದನಿಯಲ್ಲಿ. “ಇಷ್ಟು ದಿನ ಅದು ಕೆಲಸ ಆಗಿತ್ತು. ಇನ್ನು ಕೂತ್ರೆ ನಾಟಕ ಆಗುತ್ತೆ.”

ಗೂಟದಿಂದ ಅಂಗಿ ತೆಗೆದು ಹಾಕಿಕೊಂಡರು. ಎಡಗೈಯಲ್ಲೇ ಗುಂಡಿ ಹಾಕಿಕೊಳ್ಳುವುದಕ್ಕೆ ಅವರಿಗೆ ಹೊತ್ತು ಹಿಡಿಯುತ್ತದೆ. ಯಾರೂ ಸಹಾಯಕ್ಕೆ ಹೋಗಲಿಲ್ಲ, ಹೋದರೆ ಅವರಿಗೆ ಸೇರುವುದಿಲ್ಲ. ಕೊರಳಿನ ತನಕ ಎಲ್ಲ ಗುಂಡಿಯನ್ನೂ ಹಾಕಿ, ಚಪ್ಪಲಿ ಮೆಟ್ಟಿ, ಕುರ್ಚಿಗಳ ಸಾಲನ್ನು ಬಳಸಿಕೊಂಡು ಬಾಗಿಲಿಗೆ ಹೋದರು. ನಾವು ಯಾವ ಕೆಲಸಕ್ಕೆ ಹೊರಗೆ ಹೊರಟರೂ ‘ಬರ್ತೀನಿ’ ಎಂದೇ ಹೇಳಿ ಹೋಗುತ್ತೇವೆ. ಹೋಗುವವರು ಯಾಕೆ ಬರ್ತೀನಿ ಎನ್ನಬೇಕು ಎಂದು ಇವತ್ತಿನ ತನಕ ನಾನು ಕೂಡ ಯಾರನ್ನೂ ಕೇಳಿದವನಲ್ಲ.

ಮಾವ ಹೊಸ್ತಿಲು ದಾಟಿ, ತಿರುಗಿ ನಮ್ಮ ಮೂವರನ್ನೂ ನೋಡಿ, “ಹೋಗ್ತೀನಿ,” ಎಂದರು.

ಆಡಿದ ಮಾತಿಗೆ ತಪ್ಪಲಿಲ್ಲ.