ದೆಯೊಲಿಂದಾ ನಿಂತಳೇ ಎಂಬುದಕ್ಕೆ ಅಂಚೆಯಲ್ಲಿ ಉತ್ತರ

೧

ಈ ಕಥೆಯನ್ನು ಚಕ್ರದಿಂದ ಶುರು ಮಾಡಬೇಕೋ ಕೈಯಿಂದ ಶುರು ಮಾಡಬೇಕೋ ನನಗಿನ್ನೂ ತೀರ್ಮಾನವಾಗಿಲ್ಲ. ಕೋರ್ಟಿಗೆ ಬೇಕಾಗಿರುವುದು ಚಕ್ರ. ಅದು ಪೂರ್ತಿ ನಿಂತಿತೋ, ನಿಂತ ಹಾಗೆ ಮಾಡಿ ಉರುಳಿತೋ? ದೆಯೊಲಿಂದಾಗೆ ಬೇಕಾಗಿರುವುದು ಕೈ. ನಿಮಗೇನು ಬೇಕೋ ನಾನರಿಯೆ, ಓದುಗರೇ. ಆದರೂ ಇಲ್ಲಿಯವರೆಗೆ ಓದಿದ್ದೀರಲ್ಲ, ಅದಕ್ಕೆ ಮೊದಲೇ ಒಂದು ಥ್ಯಾಂಕ್ಸ್ ಹೇಳಿಬಿಡುತ್ತೇನೆ. ಕೊನೆಯಲ್ಲಿ ಹೇಳುವ ಹೊತ್ತಿಗೆ ನೀವು ನನ್ನ ಮೇಲೆ ಸಿಟ್ಟಾಗಿರುವ ಸಂಭವವಿದೆ.

ಮೊದಲ ಕರಡು ಹೀಗಿತ್ತು: "ಕ್ಯಾಲಿಫೋರ್ನಿಯಾದ ನಡುಕಣಿವೆಯಲ್ಲಿ ಬಾದಾಮಿ ತೋಟಗಳು ಹೂಬಿಟ್ಟು ನಿಂತಿದ್ದ ಒಂದು ಸುಂದರ ಮುಂಜಾನೆ..."

(ಹರಿದು ಹಾಕಿದೆ. ದೆಯೊಲಿಂದಾ ಓದಿ, "ಹೂವು ಯಾಕೆ ಬಂತು? ನನಗೆ ಟಿಕೆಟ್ ಕೊಟ್ಟಿದ್ದು ಹೂವಾ?" ಎಂದು ಕೇಳಿದಳು.)

೨

ಸರಿ, ಹೂವಿಲ್ಲದೆ.

ಅವತ್ತು ಬೆಳಗಿನ ಟ್ರಿಪ್ಪು ಮುಗಿಸಿ, ಸ್ಕೂಲ್ ಬಸ್ಸನ್ನು ಯಾರ್ಡಿನಲ್ಲಿ ಬಿಟ್ಟು, ದೆಯೊಲಿಂದಾ ಬೋರ್ಬಾ ತನ್ನ ಸ್ವಂತ ಪಿಕಪ್ಪಿನಲ್ಲಿ ಮನೆಗೆ ಹೊರಟಿದ್ದಳು. ಚರ್ಚ್ ರಸ್ತೆಯೂ ಡೇರಿ ರಸ್ತೆಯೂ ಕೂಡುವಲ್ಲಿ ನಾಲ್ಕು ಕಡೆಗೂ ಸ್ಟಾಪ್ ಫಲಕಗಳಿವೆ. ಬಂದವರು ಪೂರ್ತಿ ನಿಲ್ಲಬೇಕು, ಮೊದಲು ಬಂದವರು ಮೊದಲು ಹೋಗಬೇಕು. ಕಾನೂನು ಇಷ್ಟೇ. ಆದರೆ ನಮ್ಮೂರಿನವರಿಗೆ ಮರ್ಯಾದೆ ಸ್ವಲ್ಪ ಹೆಚ್ಚು. ಇಬ್ಬರು ಒಟ್ಟಿಗೆ ಬಂದುಬಿಟ್ಟರೆ "ನೀವು ಹೋಗಿ" ಎಂದು ಇವರು ಕೈ ಬೀಸುತ್ತಾರೆ, "ಛೆ ಛೆ, ನೀವೇ ಹೋಗಿ" ಎಂದು ಅವರು ಬೀಸುತ್ತಾರೆ. ಆಮೇಲೆ ಇಬ್ಬರೂ ಒಟ್ಟಿಗೆ ಹೊರಟು ಇಬ್ಬರೂ ಒಟ್ಟಿಗೆ ಬ್ರೇಕ್ ಹಾಕುತ್ತಾರೆ. ಪಂಕ್ತಿಯ ಕೊನೆಯ ಹೋಳಿಗೆಗೆ ನಡೆಯುವ ಉಪಚಾರದ ಹಾಗೆ.

ಎದುರಿನಿಂದ ಒಂದು ಬೂದು ಬಣ್ಣದ ಕಾರು ಬಂತು. ಓಡಿಸುತ್ತಿದ್ದವಳು ನತಾಲಿಯಾ ತೋಸ್ತೆ. ಅವಳು ಕೈ ಬೀಸಿದಳು. ದೆಯೊಲಿಂದಾ ಬ್ರೇಕಿನ ಮೇಲಿದ್ದ ಕಾಲು ತೆಗೆದು ಹೊರಟೇಬಿಟ್ಟಳು. ಹಿಂದೆ ಪೊಲೀಸ್ ಕಾರಿನ ಕೆಂಪು ನೀಲಿ ದೀಪ ಹತ್ತಿಕೊಂಡಿತು.

೨, ಮತ್ತೊಮ್ಮೆ

(ಯಾಕೆಂದರೆ ಮುಖ್ಯವಾದದ್ದನ್ನು ಬಿಟ್ಟೆ. ನನ್ನ ಹಣೆಬರಹವೇ ಇಷ್ಟು.)

ನತಾಲಿಯಾ ಮತ್ತು ದೆಯೊಲಿಂದಾ ಕೊಮಾದ್ರೆಗಳು. ಅಂದರೆ ಒಬ್ಬಳ ಮಗಳಿಗೆ ಇನ್ನೊಬ್ಬಳು ಜ್ಞಾನಸ್ನಾನದ ತಾಯಿ. ಪೋರ್ಚುಗಲ್ಲಿನ ದ್ವೀಪಗಳಿಂದ ಬಂದು ಇಲ್ಲಿ ಹಸು ಕಟ್ಟಿದ ಈ ಜನಕ್ಕೆ ಅದು ಒಡಹುಟ್ಟಿಗಿಂತ ದೊಡ್ಡ ನಂಟು. ವರ್ಷವರ್ಷವೂ ಚರ್ಚಿನ ಹಬ್ಬದಲ್ಲಿ ಊರಿಗೆಲ್ಲ ಪುಕ್ಕಟೆ ಮಾಂಸದ ಸೂಪು ಬಡಿಸುತ್ತಾರೆ. ಒಂದು ವರ್ಷ ಹಂಡೆಯ ಯಜಮಾನಿಕೆ ನತಾಲಿಯಾಗೆ ಸಿಕ್ಕಿತ್ತು. ದೆಯೊಲಿಂದಾ ಒಂದು ಸೌಟು ರುಚಿ ನೋಡಿ, ಇಡೀ ಅಡಿಗೆಮನೆಗೆ ಕೇಳುವ ಹಾಗೆ ಅಂದಳು: "ಇದರಲ್ಲಿ ಹಸು ಬೆಂದಿಲ್ಲ, ಈಜ್ಕೊಂಡು ಹೋಗಿದೆ."

ಎಲ್ಲರೂ ನಕ್ಕರು. ನತಾಲಿಯಾ ಏಪ್ರನ್ ಬಿಚ್ಚಿ ಗೂಟಕ್ಕೆ ನೇತುಹಾಕಿ ಮನೆಗೆ ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಲ್ಲಿಂದಾಚೆಗೆ ಇಬ್ಬರೂ ಮಾತು ಬಿಟ್ಟರು. ಒಂದೇ ಚರ್ಚಿನಲ್ಲಿ ಕೂತು ಬೇರೆಬೇರೆ ಸಂತರನ್ನು ನೋಡುತ್ತ ಪ್ರಾರ್ಥನೆ ಮಾಡಿದರು. ದೆಯೊಲಿಂದಾ ಎರಡು ಸಲ ಕ್ಷಮೆ ಕೇಳಲು ಹೋಗಿ ಅರ್ಧ ದಾರಿಯಿಂದ ವಾಪಸ್ಸು ಬಂದಳು.

ಅಂಥ ನತಾಲಿಯಾ, ಆ ಬೆಳಗ್ಗೆ, ಕೈ ಬೀಸಿದಳು. ಈಗ ನಿಮಗೆ ಅರ್ಥವಾಗಿರಬೇಕು.

೪

(ಮೂರನೆಯದರಲ್ಲಿ ಪೊಲೀಸಿನವನನ್ನು ದೆಯೊಲಿಂದಾಳ ಬಸ್ಸಿನಲ್ಲೇ ಶಾಲೆಗೆ ಹೋಗಿ ಬೆಳೆದ ಹುಡುಗನನ್ನಾಗಿ ಮಾಡಿದ್ದೆ. ಕಣ್ಣಲ್ಲಿ ನೀರು ತುಂಬಿಕೊಂಡು, "ಮಿಸ್ ದೀ, ನಿಲ್ಲೋದನ್ನ ನನಗೆ ಕಲಿಸಿದ್ದೇ ನೀವು" ಅನ್ನುತ್ತಿದ್ದ. ಬರೆದು ನಾನೇ ಮೂಗು ಒರೆಸಿಕೊಂಡೆ. ದೆಯೊಲಿಂದಾ ಒಪ್ಪಲಿಲ್ಲ. ಅವನು ಪಕ್ಕದ ಕೌಂಟಿಯವನು, ಅವನ ಮುಖವನ್ನೇ ನಾನು ಕಂಡಿರಲಿಲ್ಲ, ಇಲ್ಲದ್ದನ್ನು ಗಂಟು ಹಾಕಬೇಡ ಎಂದಳು. ಹೀಗಾಗಿ ಮೂರನೆಯ ಭಾಗ ಇಲ್ಲ.)

ಪೊಲೀಸಿನವನ ಹೆಸರು ಕೆಸ್ಲರ್. ಸಭ್ಯನೇ. ಚಕ್ರ ಪೂರ್ತಿ ನಿಲ್ಲಲಿಲ್ಲ ಮೇಡಂ ಎಂದ, ದಂಡದ ಟಿಕೆಟ್ ಬರೆದ, ನಿಧಾನವಾಗಿ ಹೋಗಿ ಎಂದ. ದೆಯೊಲಿಂದಾ ಅವನಿಗೆ ಥ್ಯಾಂಕ್ಯೂ ಹೇಳಿದಳು. ಅವನು ತಬ್ಬಿಬ್ಬಾಗಿ, "ಯು ಆರ್ ವೆಲ್ಕಮ್" ಎಂದ. ಅವಳು ಥ್ಯಾಂಕ್ಯೂ ಹೇಳಿದ್ದು ಅವನಿಗಲ್ಲ ಎಂಬುದು ಆ ಬಡಪಾಯಿಗೆ ಹೇಗೆ ಗೊತ್ತಾಗಬೇಕು?

ಮನೆಗೆ ಬಂದು ಕೂತ ಮೇಲೆಯೇ ಅವಳಿಗೆ ಬಸ್ಸಿನ ನೆನಪಾದದ್ದು. ಹಿಂದೊಮ್ಮೆ ಹೈವೇಯಲ್ಲಿ ವೇಗ ಜಾಸ್ತಿಯಾಗಿ ಲೈಸೆನ್ಸಿನ ಮೇಲೆ ತಪ್ಪಿನ ಒಂದು ಪಾಯಿಂಟ್ ಬಿದ್ದಿತ್ತು. ಎರಡನೆಯದು ಬಿದ್ದರೆ ಬಸ್ಸಿಲ್ಲ. ಅವಳ ಶಾಲೆಯವರ ನಿಯಮ ಅದು. ಯಾರ್ಡಿನಲ್ಲಿ ಬಸ್ಸು ತೊಳೆಯುವ ಕೆಲಸ ಕೊಡುತ್ತಾರೆ. ಓಡಿಸುವುದು ಮುಗಿಯಿತು. ಯಾವ ತಿರುವಿನಲ್ಲಿ ಯಾವ ಮಗು ವಾಂತಿ ಮಾಡುತ್ತದೆ, ಯಾರು ಯಾರ ಪಕ್ಕ ಕೂತರೆ ಹೊಡೆದಾಟವಾಗುತ್ತದೆ ಎಂದೆಲ್ಲ ಬಲ್ಲ ಹೆಂಗಸು ಅವಳು. ಗಂಡ ತೀರಿಕೊಂಡ ವರ್ಷ ಬೆಳಗ್ಗೆ ತನ್ನನ್ನು ಹಾಸಿಗೆಯಿಂದ ಎಬ್ಬಿಸಿದ್ದೇ ಆ ಮಕ್ಕಳು ಎಂದು ಅವಳೇ ನನಗೆ ಹೇಳಿದ್ದಾಳೆ.

ನಾನು ಯಾರೆಂದಿರಾ? ಅವಳ ಹಿತ್ತಲಿನ ಮನೆಯಲ್ಲಿ ಬಾಡಿಗೆಗಿರುವ ಹಳೇ ಗಿರಾಕಿ. ಟಿಕೆಟ್ ಹಿಡಿದುಕೊಂಡು ಬಂದು, "ನೀನು ಬರೆಯೋ ಜನ ತಾನೆ, ಬರಿ" ಎಂದಳು.

೫

ನಮ್ಮ ರಾಜ್ಯದಲ್ಲಿ ಕೋರ್ಟಿಗೆ ಹೋಗದೆಯೇ ಟಿಕೆಟ್ಟಿನ ಮೇಲೆ ತಕರಾರು ಮಾಡಬಹುದು. ನಡೆದದ್ದನ್ನು ಬರೆದು ಅಂಚೆಗೆ ಹಾಕಬೇಕು. ಪೊಲೀಸಿನವನೂ ತನಗೆ ಕಂಡದ್ದನ್ನು ಬರೆಯುತ್ತಾನೆ. ನ್ಯಾಯಾಧೀಶರು ಎರಡು ಕಥೆಯನ್ನೂ ಓದಿ, ಯಾವುದು ಚೆನ್ನಾಗಿದೆ ಎಂದು ಹೇಳುತ್ತಾರೆ. (ಯಾವುದು ನಿಜ ಎಂದು. ಕ್ಷಮಿಸಿ, ಕಸುಬಿನ ಚಾಳಿ.) ಕೆಳಗಡೆ, ಮೇಲಿನದೆಲ್ಲ ನಿಜ, ಸುಳ್ಳಾದರೆ ಶಿಕ್ಷೆಗೆ ಸಿದ್ಧ ಎಂದು ಸಹಿ ಹಾಕಬೇಕು. ಕಥೆಗಾರರಿಗೆ ಇಂಥ ನಿಯಮ ಮಾಡದೆ ಇರುವ ಸರ್ಕಾರಗಳಿಗೆ ನಾನು ಸದಾ ಋಣಿ.

ಬಸ್ ಯಾರ್ಡಿನಲ್ಲಿ ಎಲ್ಲರೂ ಸಲಹೆ ಕೊಟ್ಟಿದ್ದರು. ಕೊಂಬೆ ಅಡ್ಡ ಇತ್ತು ಅನ್ನು. ಬಿಸಿಲು ಕಣ್ಣಿಗೆ ಹೊಡೆಯಿತು ಅನ್ನು. ಎಲ್ಲಕ್ಕಿಂತ ಒಳ್ಳೆಯದು, ಪೂರ್ತಿ ನಿಂತೆ ಅನ್ನು, ಅವನು ನೋಡಲಿಲ್ಲ ಅನ್ನು. ನಾನೂ ಅದನ್ನೇ ಬರೆದೆ. ಅಚ್ಚುಕಟ್ಟಾದ ನಾಲ್ಕು ಸಾಲು: "ನಾನು ಗೆರೆಯ ಹಿಂದೆ ವಾಹನವನ್ನು ಸಂಪೂರ್ಣವಾಗಿ ನಿಲ್ಲಿಸಿದೆ. ಎಡಬಲ ನೋಡಿದೆ. ದಾರಿ ಖಾಲಿ ಇತ್ತು. ನಂತರ ಹೊರಟೆ." ಇಷ್ಟು ಒಳ್ಳೆಯ ಗದ್ಯವನ್ನು ನಾನು ಜನ್ಮದಲ್ಲಿ ಬರೆದಿರಲಿಲ್ಲ.

ದೆಯೊಲಿಂದಾ ಓದಿದಳು. ಮತ್ತೆ ಓದಿದಳು.

"ನತಾಲಿಯಾ ಎಲ್ಲಿ?"

"ಅವಳು ಬೇಡ. ಇನ್ನೊಬ್ಬರು ಕೈ ಬೀಸಿದ್ರೆ ನಿಲ್ಲದೆ ಹೋಗಬಹುದು ಅಂತ ಕಾನೂನಲ್ಲಿಲ್ಲ. ಅದನ್ನ ಬರೆದ್ರೆ ತಪ್ಪೊಪ್ಪಿಕೊಂಡ ಹಾಗೆ."

"ನಿಂತೆ, ಹೊರಟೆ ಅಂತ ಬರೆದ್ರೆ, ಅವಳು ಕೈ ಬೀಸಲೇ ಇಲ್ಲ ಅಂತ ಆಗುತ್ತಲ್ಲ?"

"ಕಾಗದದ ಮೇಲೆ ಮಾತ್ರ."

"ಇಷ್ಟು ವರ್ಷ ಕಾದಿದ್ದೀನಿ ಕಣೋ ಆ ಕೈಗೆ. ಅದನ್ನ ನಾನೇ ಅಳಿಸ್ಲಾ?"

ಬಸ್ಸು ಹೋಗುತ್ತದೆ ಎಂದೆ. ಮಕ್ಕಳ ಹೆಸರು ಹಿಡಿದು ಹೇಳಿದೆ. (ಕೆಟ್ಟ ಉಪಾಯ, ಆದರೆ ಪಾತ್ರಗಳು ಮಾತು ಕೇಳದಿದ್ದಾಗ ಲೇಖಕರು ಇದನ್ನೇ ಮಾಡುವುದು.) ಭಯ ಆಗ್ತಿದೆ ಎಂದಳು. ನನ್ನ ನಾಲ್ಕು ಸಾಲನ್ನು ಮಡಚಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಮೊದಲು ಒಂದು ವಿಷಯ ಕೇಳಿ ತಿಳ್ಕೊಬೇಕು ಎಂದು ಪಿಕಪ್ ಹತ್ತಿದಳು.

೬

ಕೇಳಬೇಕಾಗಿದ್ದುದು ಇದು: ಆ ಕೈ ಬೀಸಿದ್ದು ನಿಜಕ್ಕೂ ತನಗೇನಾ? ನೊಣ ಓಡಿಸಿದ್ದಿರಬಹುದು. ಬಿಸಿಲಿಗೆ ಅಡ್ಡ ಹಿಡಿದದ್ದಿರಬಹುದು. ನನಗಂತೂ ನೊಣವೇ ಇಷ್ಟ, ಭಾವುಕತೆಗೆ ಹೆದರುವ ನಮ್ಮ ಕಥೆಗಾರರ ಪಂಥದಲ್ಲಿ ಅದು ನೊಣವೇ ಆಗಿರುತ್ತದೆ. ನೊಣದ ಕರಡನ್ನು ಸಿದ್ಧವಾಗಿಟ್ಟುಕೊಂಡೇ ನಾನೂ ಪಿಕಪ್ಪಿನಲ್ಲಿ ಕೂತೆ.

ಅರ್ಧ ದಾರಿ ಬಂತು. ಈ ಸಲ ಅವಳು ತಿರುಗಿಸಲಿಲ್ಲ.

ನತಾಲಿಯಾ ಬಾಗಿಲು ತೆರೆದು, ಜಾಲರಿಯ ಬಾಗಿಲನ್ನು ಮಾತ್ರ ತೆರೆಯದೆ ನಿಂತಳು. ದೆಯೊಲಿಂದಾ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಗಿತ್ತು.

"ಮೊನ್ನೆ ಸ್ಟಾಪ್ ಹತ್ರ ಕೈ ಬೀಸಿದ್ಯಲ್ಲ. ಅದು ನನಗಾ?"

"ನಿನ್ನ ಹಿಂದೆ ಇನ್ಯಾರಿದ್ರು?"

"ಪೊಲೀಸ್ ಇದ್ದ."

"ಪೊಲೀಸ್‌ಗೆ ನಾನ್ಯಾಕೆ ಕೈ ಬೀಸ್ಲಿ?"

(ನೊಣದ ಕರಡನ್ನು ನಾನು ಮೆಲ್ಲಗೆ ಕಿಸೆಗೆ ಸೇರಿಸಿದೆ.)

ಟಿಕೆಟ್ ಬಿದ್ದ ಸಂಗತಿ ನತಾಲಿಯಾಗೆ ಗೊತ್ತಿರಲಿಲ್ಲ. ಬಸ್ಸಿನ ವಿಷಯ ಕೇಳಿ ಅವಳ ಮುಖ ಬಿಳಿಚಿಕೊಂಡಿತು. ಆಮೇಲೆ ಸಿಟ್ಟು ಬಂತು.

"ಬೀಸಿದ್ರೆ ನಿಲ್ಲದೆ ಬಾ ಅಂತ ಅರ್ಥನಾ? ನಿಲ್ಲೋದು, ನೋಡೋದು, ಆಮೇಲೆ ಹೋಗೋದು. ಬಸ್ ಓಡಿಸೋಳಿಗೆ ನಾನು ಹೇಳಿಕೊಡಬೇಕಾ?"

"ನಿಂತ್ರೆ ನೀನು ಮನಸ್ಸು ಬದಲಾಯಿಸ್ತೀಯೇನೋ ಅಂತ ಹೆದರಿಕೆ ಆಯ್ತು, ಕೊಮಾದ್ರೆ."

ನತಾಲಿಯಾ ಜಾಲರಿಯ ಬಾಗಿಲು ತೆಗೆದಳು. ಇಲ್ಲಿ ಇಬ್ಬರೂ ತಬ್ಬಿಕೊಂಡು ಅತ್ತರು ಎಂದು ಬರೆಯಲು ನನಗೆ ಬಹಳ ಆಸೆ. ತಬ್ಬಿಕೊಳ್ಳಲಿಲ್ಲ. ಒಳಗೆ ಬಾ, ಕಾಲು ಒರೆಸ್ಕೊ ಎಂದಳು ಅಷ್ಟೇ. ದೆಯೊಲಿಂದಾ ಚಾಪೆಯ ಮೇಲೆ ಕಾಲು ಒರೆಸಿದಳು, ಒರೆಸಿದಳು, ಒರೆಸುತ್ತಲೇ ಇದ್ದಳು. ಕಿಸೆಯಲ್ಲಿದ್ದ ನೊಣದ ಕರಡಿನಲ್ಲೇ ನಾನು ಕಣ್ಣು ಒರೆಸಿಕೊಂಡೆ. ಇದನ್ನು ಹೇಳಿಕೊಳ್ಳಲು ನಮ್ಮ ಪಂಥದಲ್ಲಿ ಅನುಮತಿಯಿಲ್ಲ, ಆದರೂ ಹೇಳುತ್ತಿದ್ದೇನೆ.

೭

ಕೊನೆಗೆ ಅಂಚೆಗೆ ಹೋದದ್ದು ಇದು. ನನ್ನ ನಾಲ್ಕು ಸಾಲುಗಳು ನತಾಲಿಯಾಳ ಅಡಿಗೆಮನೆಯ ಕಸದ ಬುಟ್ಟಿಗೆ ಹೋದವು.

"ನ್ಯಾಯಾಧೀಶರೇ, ನಾನು ನಿಧಾನ ಮಾಡಿದೆ, ಪೂರ್ತಿ ನಿಲ್ಲಲಿಲ್ಲ. ಎದುರಿಗಿದ್ದ ನನ್ನ ಕೊಮಾದ್ರೆ ಎಷ್ಟೋ ವರ್ಷದ ಮೇಲೆ ನನಗೆ ಕೈ ಬೀಸಿದಳು. ನಿಂತರೆ ಅವಳು ಮನಸ್ಸು ಬದಲಾಯಿಸಬಹುದೆಂದು ಹೆದರಿದೆ. ಬಸ್ಸಿನಲ್ಲಿ ಮಕ್ಕಳಿದ್ದಾಗ ನಾನು ಎಂದೂ ಹೀಗೆ ಮಾಡಿಲ್ಲ, ಮಾಡುವುದೂ ಇಲ್ಲ. ಆಫೀಸರ್ ಕೆಸ್ಲರ್ ಸರಿಯಾಗಿಯೇ ನೋಡಿದ್ದಾರೆ. ಅವರಿಗೆ ನನ್ನ ವಂದನೆ. ಅವರು ಟಿಕೆಟ್ ಕೊಡದಿದ್ದರೆ ನಾನು ಆ ಮನೆಯ ಬಾಗಿಲು ತಟ್ಟುತ್ತಿರಲಿಲ್ಲ."

(ತಕರಾರು ಅರ್ಜಿಯಲ್ಲಿ ಪೊಲೀಸಿನವನಿಗೆ ಉಪಕಾರ ಸ್ಮರಣೆ! ನಾನು ತಲೆ ತಲೆ ಚಚ್ಚಿಕೊಂಡೆ.)

ಜೊತೆಗೆ ಕೂಡುರಸ್ತೆಯ ನಕ್ಷೆ ಬೇಕಂತೆ. ಬರೆದುಕೊಟ್ಟೆ. ಬೂದು ಕಾರಿನಲ್ಲಿ ಕೈಯನ್ನೂ ಬಿಡಿಸು ಎಂದು ದೆಯೊಲಿಂದಾ ಹಟ ಹಿಡಿದಳು. ನಾನು ಬಿಡಿಸಿದ ಕೈ ಪೊರಕೆಯ ಹಾಗೆ ಕಾಣುತ್ತಿತ್ತು.

ಸಾಕ್ಷಿಯ ಹೇಳಿಕೆಯನ್ನು ನತಾಲಿಯಾ ತಾನೇ ಬರೆದಳು: "ಕೈ ಬೀಸಿದ್ದು ನಾನು. ತಪ್ಪು ನನ್ನದು. ಟಿಕೆಟ್ಟನ್ನು ನನ್ನ ಹೆಸರಿಗೆ ಮಾಡಿ, ನನಗೆ ಬಸ್ಸಿಲ್ಲ. ಸೂಪು ನೀರಾಗಿರಲಿಲ್ಲ." ಕೊನೆಯ ಸಾಲು ಕೋರ್ಟಿಗೆ ಅರ್ಥವಾಗುವುದಿಲ್ಲ, ತೆಗೆಯೋಣ ಎಂದೆ. ದೆಯೊಲಿಂದಾ ಅದನ್ನು ಓದಿ, ತಲೆ ತಗ್ಗಿಸಿ, ಇರಲಿ ಬಿಡು, ನಿಜವೇ ತಾನೆ ಎಂದಳು. ಸ್ಟಾಂಪು ನಾಲಿಗೆಗೆ ಮುಟ್ಟಿಸಿ ಅಂಟಿಸಲು ಹೋದಳು. ಈಗಿನ ಸ್ಟಾಂಪಿಗೆ ಅದು ಬೇಕಾಗಿಲ್ಲ ಎಂದು ನತಾಲಿಯಾ ಬೈದಳು.

೮

ಉತ್ತರ ಬಂದಿದೆ. ಲಕೋಟೆ ದೆಯೊಲಿಂದಾಳ ಮೇಜಿನ ಮೇಲಿದೆ. ನಾನು ಮೂರು ಮುಕ್ತಾಯಗಳನ್ನು ಸಿದ್ಧಮಾಡಿ ಇಟ್ಟಿದ್ದೇನೆ.

ಒಂದು: ತಪ್ಪಿತಸ್ಥೆ. ಪಾಯಿಂಟ್ ಬೀಳುತ್ತದೆ. ನಾಳೆಯಿಂದ ಅವಳು ಯಾರ್ಡಿನಲ್ಲಿ ಬಸ್ಸು ತೊಳೆಯುತ್ತಾಳೆ, ಮಕ್ಕಳು ಕಿಟಕಿಯಿಂದ ಕೂಗುತ್ತಾರೆ. ಇನ್ನೊಂದು: ಕೆಸ್ಲರ್ ತನ್ನ ಪಾಲಿನ ಕಥೆಯನ್ನು ಬರೆದು ಕಳಿಸಲೇ ಇಲ್ಲ. ಸೋಮಾರಿತನವೋ ದಯೆಯೋ ಗೊತ್ತಿಲ್ಲ, ಕೇಸು ವಜಾ, ಬಸ್ಸು ಉಳಿಯಿತು. ಮೂರನೆಯದರಲ್ಲಿ ನ್ಯಾಯಾಧೀಶರಿಗೂ ಮಾತು ಬಿಟ್ಟ ಒಬ್ಬ ತಮ್ಮನಿದ್ದಾನೆ. ಅದನ್ನು ಬರೆದ ಪೆನ್ನಿಗೇ ನಾಚಿಕೆಯಾಗಿ ಇಂಕು ನಿಂತುಹೋಯಿತು.

ಮಧ್ಯಾಹ್ನ ನತಾಲಿಯಾ ಸಿಹಿ ಬ್ರೆಡ್ಡಿನ ಗಂಟು ಹಿಡಿದು ಬಂದಳು. ಅರ್ಜಿ ಬರೆದ ದಿನದ ನಂತರ ಇಬ್ಬರೂ ಭೇಟಿಯಾಗಿರಲಿಲ್ಲ. ಭೇಟಿಯಾಗಲು ಕಾರಣ ಸಿಕ್ಕಿರಲಿಲ್ಲ, ಕಾರಣವಿಲ್ಲದೆ ಬರುವ ಅಭ್ಯಾಸ ತಪ್ಪಿಹೋಗಿತ್ತು. "ಏನಾಯ್ತು ಅಂತ ಕೇಳ್ಕೊಂಡು ಹೋಗೋಣ ಅಂತ ಬಂದೆ" ಎಂದಳು, ಕಾರಿನ ಕೀಲಿ ಕೈಯಲ್ಲೇ ಹಿಡಿದು.

ಇನ್ನೂ ಒಡೆದಿಲ್ಲ, ಕೂತ್ಕೊ ಎಂದಳು ದೆಯೊಲಿಂದಾ. ಕಾಫಿಗೆ ಇಟ್ಟಳು. ಯಾರ ಮಗಳಿಗೆ ಎಷ್ಟು ಮಕ್ಕಳು, ಯಾರ ಮೊಣಕಾಲು ಏನಾಯಿತು, ಪಾದ್ರಿ ಯಾಕೆ ಸಣ್ಣಗಾದ ಎಂದು ಮಾತು ಹೊರಟಿತು. ನನಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ ಲಕೋಟೆಗೆ ಕೈ ಹಾಕಿದೆ. ದೆಯೊಲಿಂದಾ ನನ್ನ ತೋಳು ಹಿಡಿದು ಹಿತ್ತಲಿಗೆ ಎಳೆದುಕೊಂಡು ಬಂದಳು.

"ಮುಟ್ಟಬೇಡ."

"ಓದುಗರು ಕಾಯ್ತಿದ್ದಾರೆ. ಬಸ್ ಉಳೀತಾ ಹೋಯ್ತಾ ಅಂತ ಹೇಳ್ಬೇಕಲ್ಲ?"

"ನನಗೂ ಜೀವ ಬಾಯಿಗೆ ಬಂದಿದೆ" ಎಂದಳು. "ಆದ್ರೆ ಅವಳು ಬಂದಿರೋದು ಕೇಳ್ಕೊಂಡು ಹೋಗೋದಕ್ಕೆ. ಒಡೆದ್ರೆ ಕೇಳ್ಕೊಂಡು ಹೋಗ್ಬಿಡ್ತಾಳೆ."

ಓದುಗರೇ, ಅದಕ್ಕೆ ನಿಮ್ಮಲ್ಲಿ ಉತ್ತರವಿದ್ದರೆ ಬರೆದು ಕಳಿಸಿ, ಕೆಳಗೆ ಸಹಿ ಹಾಕುವುದನ್ನು ಮರೆಯಬೇಡಿ. ಇಷ್ಟು ದೂರ ಬಂದು ಬರಿಗೈಲಿ ನಿಂತಿದ್ದೀರಿ, ನನ್ನ ಮೇಲೆ ಸಿಟ್ಟೂ ಬಂದಿರಬೇಕು. ಆದರೂ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಕಿಟಕಿಯಿಂದ ಒಮ್ಮೆ ಇಣುಕಿ ನೋಡಿದೆ. ಲಕೋಟೆ ಇದ್ದಲ್ಲೇ ಇದೆ. ನತಾಲಿಯಾ ಮಾತಿನ ಭರದಲ್ಲಿ ಅದರ ಮೇಲೆ ತನ್ನ ಕಾಫಿ ಬಟ್ಟಲು ಇಟ್ಟಿದ್ದಾಳೆ. ಅದು ಅವಳ ಎರಡನೆಯ ಬಟ್ಟಲು.