ದೋಣಿಗೆಂದೇ ಇರುವ ಪದ

"ಇದು ದೋಣಿಗೆ ಅಂತಲೇ ಇರೋ ಪದ ಮಾವ," ಎಂದಳು ಸೊಸೆ, ದೋಣಿ ಕಡವಿನ ಗೋಡೆಗೆ ಅಂಟಿಸಿದ್ದ ಹೊಸ ನಿಯಮದ ಮೇಲೆ ಬೆರಳಿಟ್ಟು. "ಕ್ಯಾಪ್‌ಸೈಜ್. ಬಿಂದಿಗೆ ಉರುಳಿದ್ರೆ, ಗಾಡಿ ಬಿದ್ರೆ ಹೀಗನ್ನಲ್ಲ. ಕ್ಯಾಪ್‌ಸೈಜ್ ಆಗೋದು ದೋಣಿ."

"ಅಂದ್ರೆ?" ಎಂದ ಅಂಬಿಗ, ಗೊತ್ತಿದ್ದೂ.

ಸೊಸೆ ನಾಲಿಗೆ ಕಚ್ಚಿಕೊಂಡಳು. ಮದುವೆಯಾಗಿ ಬಂದ ಹೊಸತರಲ್ಲಿ "ರೊಟ್ಟಿ ಮಗುಚಿ ಹಾಕ್ಲಾ ಅತ್ತೆ?" ಎಂದಾಗ ಅತ್ತೆ ಅವಳ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಆ ಮನೆಯಲ್ಲಿ ರೊಟ್ಟಿಯನ್ನು ತಿರುವಿ ಹಾಕುತ್ತಾರೆ. ಅಂಬಿಗನ ತಮ್ಮ ಹೊಳೆಯ ಪಾಲಾದಂದಿನಿಂದ ಆ ಒಂದು ಮಾತಿಗೆ ಅಲ್ಲಿ ಜಾಗವಿಲ್ಲ. ಅಂದು ದೋಣಿಯಲ್ಲಿದ್ದವರು ಅಣ್ಣತಮ್ಮ ಇಬ್ಬರೇ. ಅಣ್ಣ ದೋಣಿಯ ಬೆನ್ನಿಗೆ ಅಂಟಿಕೊಂಡು ಬದುಕಿದ. ತಮ್ಮ ಅಡಿಯಲ್ಲಿ ಸಿಕ್ಕಿಕೊಂಡಿದ್ದ. ಎಷ್ಟು ತಿಣುಕಿದರೂ ಅಣ್ಣನಿಗೆ ದೋಣಿಯನ್ನು ಎತ್ತಲಾಗಲಿಲ್ಲ.

ಈಗ ಜನರನ್ನು ದಾಟಿಸುವವರೆಲ್ಲ ಅಧಿಕಾರಿಯ ಮುಂದೆ ತಮ್ಮ ದೋಣಿಯನ್ನು ತಾವೇ ಬುಡಮೇಲು ಮಾಡಿ, ಮತ್ತೆ ನೆಟ್ಟಗೆ ಮಾಡಿ ಹತ್ತಬೇಕಂತೆ. ಇಲ್ಲವಾದರೆ ಕಡವು ಬೇರೆಯವರಿಗೆ.

"ಇಷ್ಟು ವರ್ಷ ಜನರ ಸೆರಗು ನೆನೆಯದ ಹಾಗೆ ದಾಟಿಸಿದೀನಿ. ಈಗ ಬೇಕಂತಲೇ ಅದನ್ನ ಮಾಡ್ಬೇಕಾ? ತಲೆ ನೆಟ್ಟಗಿದೆಯಾ ಇವರಿಗೆ?"

"ಆಮೇಲೆ ಎತ್ತೋದೂ ಇದೆಯಲ್ಲ ಮಾವ."

ಅಂಬಿಗ ಹುಟ್ಟು ಎತ್ತಿಕೊಂಡು ದೋಣಿಯತ್ತ ನಡೆದ.

ಪರೀಕ್ಷೆಗೆ ಬಂದ ಅಧಿಕಾರಿ, ಕೊರಳಿಗೆ ಸೀಟಿ ನೇತುಹಾಕಿಕೊಂಡ ಹುಡುಗಿ, ದೋಣಿಯ ಒಂದು ಅಂಚಿಗೆ ಹಗ್ಗ ಕಟ್ಟಿಸಿ, ಎತ್ತುವ ಬಗೆಯನ್ನು ಮೊದಲೇ ತೋರಿಸಿಕೊಟ್ಟಳು. ಆಮೇಲೆ ದಡದಿಂದ ಕೂಗಿದಳು: "ಕ್ಯಾಪ್‌ಸೈಜ್ ಮಾಡಿ ಯಜಮಾನ್ರೇ!"

ಬೇರೆ ಭಾಷೆಯ ಮಾತು, ಅಷ್ಟಾಗಿ ಚುಚ್ಚಲಿಲ್ಲ. ಅವನು ಒಂದು ಅಂಚಿಗೆ ಭಾರ ಬಿಟ್ಟ. ದೋಣಿ ವಾಲಿದ್ದೇ ತಡ, ಕಾಲು ತಾನಾಗಿ ಇನ್ನೊಂದು ಅಂಚಿಗೆ ಹಾರಿ ಅದನ್ನು ಸರಿದೂಗಿಸಿಬಿಟ್ಟಿತು. ಮತ್ತೆ ಹಾಗೆಯೇ ಆಯಿತು.

"ದೋಣಿ ಒಪ್ಪಿದ್ರೂ ಕಾಲು ಒಪ್ತಿಲ್ಲ!" ಎಂದು ಯಾರೋ ನಕ್ಕರು.

ಅಂಬಿಗ ಕಣ್ಣುಮುಚ್ಚಿ ಅಂಚನ್ನು ತಬ್ಬಿಕೊಂಡು ಬಿದ್ದ.

ದೋಣಿಯ ಅಡಿಯಲ್ಲಿ ಕತ್ತಲು. ಅವನ ಕೈ ತಡಕಾಡಿತು. ಹುಡುಕುತ್ತಿರುವುದು ಹಗ್ಗವನ್ನಲ್ಲ, ತಮ್ಮನನ್ನು ಎಂದು ಆಗ ತಿಳಿಯಿತು. ಹೊರಗೆ ಬಂದು, ಆಚೆ ಅಂಚಿಗೆ ಕಟ್ಟಿದ್ದ ಹಗ್ಗವನ್ನು ತಳದ ಮೇಲಿಂದ ಈಚೆಗೆಳೆದುಕೊಂಡ. ಈಚೆ ಅಂಚಿಗೆ ಕಾಲು ಕೊಟ್ಟು, ಮೈಭಾರವನ್ನೆಲ್ಲ ಹಿಂದಕ್ಕೆ ಬಿಟ್ಟ. ದೋಣಿ ನಿಧಾನವಾಗಿ ಎದ್ದು ನೆಟ್ಟಗಾಯಿತು.

ಇಷ್ಟೇ ಇತ್ತಾ? ನೀರಲ್ಲಿ ನಿಂತೇ ಅವನು ಅತ್ತ. ದಡದವರು ಚಪ್ಪಾಳೆ ತಟ್ಟುತ್ತಿದ್ದರು.

ಮನೆಯಲ್ಲಿ ಹೆಂಡತಿ ಒಲೆಯ ಮುಂದಿದ್ದಳು. ಅವನ ಒದ್ದೆ ಬಟ್ಟೆ ನೋಡಿ, "ಏನಾಯ್ತ್ರೀ?" ಎಂದಳು.

"ಮಗುಚಿತು ಕಣೇ," ಎಂದ ಅವನು. "ಎತ್ತಿದೆ. ಒಂದು ಹಗ್ಗ ಸಾಕಿತ್ತು."

ಅವಳ ಕೈ ನಿಂತುಹೋಯಿತು. ಕಾವಲಿಯಿಂದ ಸಣ್ಣಗೆ ಹೊಗೆ ಏಳತೊಡಗಿತು.

"ರೊಟ್ಟಿ ಸೀಯ್ತಿದೆ," ಎಂದ ಅಂಬಿಗ. "ಮಗುಚು."