ಐದನೇ ಗೀರು

"ಆರ್ ಗೆರೆ ಇತ್ತ್ ಕಾಣ್. ಐದ್ ಸಮಾ ಇತ್ತ್. ಇದೊಂದೇ ಬುಡದ್ವರೆಗೆ ತಿಂದಿತ್ತ್," ಎಂದು ಮೆಕ್ಯಾನಿಕ್ ಮುತ್ತಣ್ಣ ಕಾರಿನ ಇಂಜಿನ್ನಿನಿಂದ ಬಿಚ್ಚಿದ ಬೆಲ್ಟನ್ನು ಒಳಮಗ್ಗುಲು ಮೇಲಾಗುವಂತೆ ತಿರುಚಿ ಹಿಡಿದ. ಉದ್ದಕ್ಕೂ ಓಡುವ ಕಪ್ಪು ಗೆರೆಗಳಲ್ಲಿ ಐದನೆಯದು ಪೂರ್ತಿ ಸವೆದು, ಒಳಗಿನ ಬಿಳಿ ಎಳೆಗಳು ಕೂದಲಿನಂತೆ ಹೊರಗೆ ಬಂದಿದ್ದವು.

"ಹೌದು," ಎಂದಳು ವಿನಯಾ. ಎಂತಹ ಮಾತನ್ನಾದರೂ ಬೇಗ ಮುಗಿಸಲು "ಹೌದು" ಒಂದೇ ಸಾಕು ಎಂಬುದನ್ನು ಅವಳು ಈ ಮೂರು ತಿಂಗಳಲ್ಲಿ ಕಲಿತಿದ್ದಳು. ಹಳೇ ಟಯರೊಂದರ ಮೇಲೆ ಕೂತು, ಗ್ಯಾರೇಜಿನ ಗೋಡೆಗೆ ಮೊಳೆ ಹೊಡೆದು ಸಾಲಾಗಿ ನೇತುಹಾಕಿದ್ದ ಸ್ಪ್ಯಾನರುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಎಣಿಸುತ್ತಿದ್ದಳು. ಹದಿನಾಲ್ಕು. ನಡುವೆ ಒಂದು ಮೊಳೆ ಖಾಲಿ.

ಅವಳ ಗಂಡನ ಅಣ್ಣ ಪಾಂಡು ಮಾತ್ರ ಒಳಗೆ ಬಂದಿರಲಿಲ್ಲ. ಶೀಟಿನ ನೆರಳು ಎಲ್ಲಿ ಮುಗಿಯುತ್ತದೋ ಅಲ್ಲೇ, ಬಿಸಿಲಿನಲ್ಲಿ, ಕೈಕಟ್ಟಿ ನಿಂತಿದ್ದ. ಅವನೂ ಮುತ್ತಣ್ಣನೂ ಕೋಡಿ ಶಾಲೆಯಲ್ಲಿ ಒಂದೇ ಬೆಂಚಿನವರು. ಅದು ಆಗಿನ ಮಾತು.

ನವೆಂಬರಿನ ಒಂದು ಬೆಳಗಿನ ಜಾವ ಅವಳ ಗಂಡ ನಿತೇಶ್ ಎದೆ ಹಿಡಿದುಕೊಂಡು ಎದ್ದು ಕೂತಾಗ ಆಸ್ಪತ್ರೆಗೆ ಕಾರು ಓಡಿಸಿದ್ದು ಪಾಂಡುವೇ. ತೆಕ್ಕಟ್ಟೆ ದಾಟಿತು, ಸಾಲಿಗ್ರಾಮ ದಾಟಿತು. ಮಾಬುಕಳ ಸೇತುವೆಯ ಮೇಲೆ ಬಾನೆಟ್ಟಿನೊಳಗೆ ಪಟ್ಟೆಂದು ಏನೋ ಹೊಡೆಯಿತು. ಕೆಂಪು ದೀಪ ಹತ್ತಿತು, ಸ್ಟಿಯರಿಂಗು ಕಲ್ಲಾಯಿತು, ಇನ್ನೊಂದು ಸ್ವಲ್ಪ ದೂರ ಹೋಗುವಷ್ಟರಲ್ಲಿ ಇಂಜಿನ್ನು ಕಾದು ಹಬೆ ಉಗುಳಿ ನಿಂತೇಬಿಟ್ಟಿತು. ಬೇರೆ ವಾಹನವೊಂದು ನಿಂತು, ನಿತೇಶನನ್ನು ಅದಕ್ಕೆ ಎತ್ತಿ ಹಾಕುವಾಗ ಮೂವತ್ತೈದು ನಿಮಿಷ ಕಳೆದಿತ್ತು. ಅರ್ಧ ಗಂಟೆ ಮೊದಲು ತಂದಿದ್ದರೆ ಉಳಿಯುತ್ತಿದ್ದ ಎಂದು ಡಾಕ್ಟರು ಹೇಳಿದ್ದನ್ನು ಪಾಂಡು ಹಿಡಿದುಕೊಂಡ. ಬಿಡಲೇ ಇಲ್ಲ. ತುಂಡಾದದ್ದು ಬೆಲ್ಟು; ಅದನ್ನು ಸೆಪ್ಟೆಂಬರಿನಲ್ಲಿ ಹಾಕಿದವನು ಮುತ್ತ; ಹಾಕಿದ್ದು ಡೂಪ್ಲಿಕೇಟು. ಬಂದರಿನಲ್ಲಿ ಹೇಳಿದ, ಭಜನಾ ಮಂದಿರದಲ್ಲಿ ಹೇಳಿದ, ಮದುವೆ ಊಟದ ಪಂಕ್ತಿಯಲ್ಲೂ ಹೇಳಿದ. ಗಾಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದ ಮುತ್ತಣ್ಣನ ಅಂಗಳದಲ್ಲಿ ಇವತ್ತು ಇದ್ದದ್ದು ಈ ಕಾರು ಮತ್ತು ಚಕ್ರ ಕಳಚಿಟ್ಟ ಒಂದು ರಿಕ್ಷಾ.

ಆಮೇಲೆ ಪಾಂಡು ಕಾರನ್ನು ಬ್ರಹ್ಮಾವರಕ್ಕೆ ಒಯ್ದು, ಬೇರೆಯವರ ಕೈಯಲ್ಲಿ ಕಂಪೆನಿ ಬೆಲ್ಟೇ ಹಾಕಿಸಿದ್ದ. ಎರಡು ತಿಂಗಳಾಗಲಿಲ್ಲ, ಅದೂ ಕೀಂಯ್ ಎನ್ನಲು ಶುರುಮಾಡಿ ಎಳೆ ಬಿಡತೊಡಗಿತು. "ಅದೂ ಹಾಂಗೇ ಆಯ್ತಂದ್ರೆ ತಪ್ಪ್ ಬೆಲ್ಟಿಂದಲ್ಲ ಅಲ್ದಾ ಬಾವ? ಮುತ್ತಣ್ಣನ ಹತ್ರವೇ ಒಂದ್ಸಲ ತೋರ್ಸುವ," ಎಂದಿದ್ದಳು ವಿನಯಾ, ಅನ್ನ ಬೆಂದಿದೆ ಎಂದು ಹೇಳುವ ದನಿಯಲ್ಲಿ. ಪಾಂಡು ಸಿಡುಕಿದರೂ ಜೊತೆಗೆ ಬಂದಿದ್ದ.

"ಎಂತ ಕಾಂತ್ ಮಾರಾಯ ಅದ್ರಗೆ? ಪಂಚಾಂಗ ಓದ್ದಾಂಗೆ ಓದ್ತೆ!" ಎಂದ ಪಾಂಡು ಹೊರಗಿನಿಂದಲೇ.

"ತಡಿ. ಒಂದೇ ಗಾಡಿಯಗೆ ಎರಡ್ ಬೆಲ್ಟ್ ಸವೆಯೂದ್ ಅಂದ್ರೆ ಸವೆಸೂದ್ ಬೇರೆ ಎಂತದೋ ಇತ್ತ್."

ಮುತ್ತಣ್ಣ ಪುಟ್ಟ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಇಂಜಿನ್ನಿನ ಬದಿಗೆ ಬಾಗಿದ. ಬೆಲ್ಟು ಓಡುವ ಚಕ್ರಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿದ, ತಿರುಗಿಸಿ ಕಿವಿಗೊಟ್ಟ. ಓರೆಯಾಗಿಲ್ಲ, ಸಡಿಲವಾಗಿಲ್ಲ. ಕೊನೆಗೆ ಎಲ್ಲಕ್ಕಿಂತ ಕೆಳಗಿನ ದೊಡ್ಡ ಪುಲ್ಲಿಯಲ್ಲಿ ಬೆಲ್ಟಿನ ಗೆರೆಗಳು ಕೂರುವ ಗೀರುಗಳಿಗೆ ಹೆಬ್ಬೆರಳ ಉಗುರು ಹಾಕಿ ಎಳೆಯುತ್ತ ಬಂದ. ಒಂದು, ಎರಡು, ಮೂರು, ನಾಲ್ಕು. ಐದನೆಯದರಲ್ಲಿ ಉಗುರು ಇಳಿಯಲಿಲ್ಲ. ಬೆಲ್ಟಿನ ಪುಡಿಯೇ ಮೆತ್ತಿಕೊಂಡಂತೆ ಕರ್ರಗೆ, ಗಟ್ಟಿಯಾಗಿ ಏನೋ ತುಂಬಿಕೊಂಡಿತ್ತು. ತುದಿ ಬಗ್ಗಿಸಿದ ಸೈಕಲ್ ಕಡ್ಡಿ ತಂದು ಮೀಟಿದ. ಎರಡು ಸಲ ಜಾರಿತು. ಮೂರನೇ ಸಲಕ್ಕೆ ಹುಣಸೆ ಬೀಜದಷ್ಟು ಗಾತ್ರದ್ದೊಂದು ಎದ್ದು ಅವನ ಅಂಗೈಗೆ ಬಿತ್ತು.

ಅವನು ಅದನ್ನು ಉಗುರಿನಿಂದ ಕೆರೆದ. ಕಪ್ಪಿನೊಳಗಿಂದ ನೀಲಿ ಕಂಡಿತು. ಹುರಿಹೊಸೆದ ನೀಲಿ ನೈಲಾನು, ಒಂದು ಕಡೆ ಕರಗಿ ಮುದ್ದೆಯಾಗಿದೆ, ಇನ್ನೊಂದು ತುದಿಯಲ್ಲಿ ಗಂಟು ಹಾಗೇ ಉಳಿದಿದೆ. ಮುತ್ತಣ್ಣ ಒಮ್ಮೆ ವಿನಯಾಳ ಮುಖ ನೋಡಿದ. ಮುಷ್ಟಿ ಮುಚ್ಚಿದ.

ಮುಚ್ಚುವ ಮೊದಲೇ ಅವಳು ನೋಡಿಯಾಗಿತ್ತು. ಅದು ಹೂ ಕಟ್ಟುವವರ ಗಂಟಲ್ಲ, ಬಲೆಯ ಗಂಟು. ಏಳನೇ ವಯಸ್ಸಿನಲ್ಲಿ ಅಪ್ಪನ ಎದುರು ಕೂತು ಬಲೆ ನೇಯಲು ಕಲಿತ ಅವಳ ಕೈಗೆ ಬೇರೆ ಗಂಟೇ ಬರುತ್ತಿರಲಿಲ್ಲ; ಅದು ಮುತ್ತಣ್ಣನಿಗೂ ಗೊತ್ತಿತ್ತು. ಆಯುಧ ಪೂಜೆಯ ದಿನ ಇಂಜಿನ್ನಿಗೂ ಒಂದು ಮಾಲೆ ಬೇಕೆಂದು ನಿತೇಶ್ ಹಟ ಹಿಡಿದಿದ್ದ. ವರ್ಷವಿಡೀ ದುಡಿಯುವುದು ಅದು, ಮೂತಿಗೆ ಮಾತ್ರ ಹೂವಾ ಎಂದು ಅವನ ತಕರಾರು. ಬಾಳೆನಾರು ಮುಗಿದಿತ್ತು. ಅವಳು ಚಾವಡಿಯಲ್ಲಿದ್ದ ಬಲೆ ನೂಲಿನ ಉಂಡೆಯಿಂದ ಎರಡು ಮಾರು ಕತ್ತರಿಸಿ ಗೊಂಡೆ ಹೂ ಕಟ್ಟಿಕೊಟ್ಟಳು. ಮಾಲೆಯ ಮೇಲೆಯೇ ಬಾನೆಟ್ಟು ಮುಚ್ಚಿ, ಹಾರ್ನು ಹಾಕುತ್ತ ಅವನು ಕೋಡಿಯನ್ನೆಲ್ಲ ಒಂದು ಸುತ್ತು ಹಾಕಿ ಬಂದ. ನಾರಾಗಿದ್ದರೆ ಒಣಗಿ ಪುಡಿಯಾಗಿ ಉದುರಿಹೋಗುತ್ತಿತ್ತು. ಹತ್ತು ಹದಿನೈದು ದಿನದಲ್ಲಿ ಕೀಂಯ್ ಶಬ್ದ ಶುರುವಾಯಿತು. ಎಲ್ಲರೂ ಮಾಡುವಂತೆ ಅವನೂ ಬೆಲ್ಟಿಗೆ ಸೋಪಿನ ತುಂಡು ಉಜ್ಜಿದ. ಶಬ್ದ ನಿಂತಿತು.

"ಎಂತ ಸಿಕ್ತ್?" ಎಂದ ಪಾಂಡು.

"ಎಂತದೂ ಇಲ್ಲೆ." ಮುತ್ತಣ್ಣ ಬೆನ್ನು ತಿರುಗಿಸಿ ಬಟ್ಟೆಯಲ್ಲಿ ಮುಚ್ಚಿದ ಮುಷ್ಟಿಯನ್ನೇ ಒರೆಸಿಕೊಳ್ಳತೊಡಗಿದ. "ತುಕ್ಕ್. ಉಪ್ಪಿನ್ ಗಾಳಿ ಅಲ್ದಾ, ಪುಲ್ಲಿ ತುಕ್ಕ್ ಹಿಡ್ದ್ ಗಡ್ಡೆ ಕಟ್ಟಿತ್ತ್. ಸೆಪ್ಟೆಂಬರಗೆ ಬೆಲ್ಟ್ ಹಾಕುವತಿಗೇ ನಾ ಕಾಣ್ಕಿತ್ತ್. ಕಾಣ್ಲಿಲ್ಲೆ."

"ಕೇಂಡ್ಯಾ ವಿನಯಾ? ಅವ್ನ ಬಾಯಗೇ ಬಂತ್!" ಪಾಂಡುವಿನ ಕಟ್ಟಿದ ಕೈ ಬಿಚ್ಚಿತು. "ಮೂರ್ ತಿಂಗ್ಳಿಂದ ಬಡ್ಕಂತಾ ಇದ್ದೆ, ಕೆಲವ್ರ್ ನಂಗೇ ಮರ್ಲ್ ಹಿಡ್ದಿತ್ತ್ ಅಂದ್ರ್. ಹ್ವಾಯ್ ಮುತ್ತ, ಆ ಗ್ಯಾರೇಜ್ ಬೋರ್ಡ್ ಕೆಳ್ಗಿಳ್ಸ್ ಇನ್ನ್. ಬೇಕಾರೆ ಏಣಿ ನಾನೇ ಹಿಡ್ಕಂತೆ."

ಮುತ್ತಣ್ಣ ಕೈ ಒರೆಸುತ್ತಲೇ ಇದ್ದ. ಒರೆಸುವುದಕ್ಕೆ ಏನೂ ಉಳಿದಿರಲಿಲ್ಲ.

ಇಲ್ಲಿ "ಹೌದು" ಎಂದರೆ ಎಲ್ಲವೂ ಮುಗಿಯುತ್ತದೆ ಎಂದು ವಿನಯಾಳಿಗೆ ಗೊತ್ತಾಯಿತು. ಕಾರು ಸರಿಯಾಗುತ್ತದೆ, ಬಾವ ಮನೆಗೆ ಹೋಗಿ ಊಟ ಮಾಡುತ್ತಾನೆ, ಈ ಅಂಗಳದಲ್ಲಿ ಆ ರಿಕ್ಷಾವೂ ಇರುವುದಿಲ್ಲ. ತನ್ನೊಳಗೆ ಏನಾದರೂ ಎದ್ದು ಬರುತ್ತದೆಯೋ ಎಂದು ಅವಳು ಕಾದಳು. ಏನೂ ಬರಲಿಲ್ಲ. ಟಯರಿನಿಂದ ಎದ್ದು ಸೀರೆಯ ಧೂಳು ಕೊಡವಿಕೊಂಡು ಕೈಚಾಚಿದಳು.

"ಕೊಡಿ ಮುತ್ತಣ್ಣ."

"ಬ್ಯಾಡ ಹೆಣ್ಣೆ. ತುಕ್ಕ್ ಅದ್."

"ತುಕ್ಕಲ್ಲ ಬಾವ," ಎಂದಳು ಅವಳು, ಕೈ ಹಾಗೇ ಚಾಚಿಕೊಂಡು. "ಅದ್ ನಾ ಕಟ್ಟಿದ್ ನೂಲ್. ಆಯುಧ ಪೂಜೆ ಮಾಲಿದ್. ನಾರ್ ಇದ್ದಿರ್ಲಿಲ್ಲೆ, ಬಲೆ ನೂಲಗೆ ಕಟ್ಟಿದೆ. ಅದೇ ಸುತ್ಕಂಡದ್. ಮುತ್ತಣ್ಣ ಬೆಲ್ಟ್ ಹಾಕುವತಿಗೆ ಅದ್ ಇರ್ಲೇ ಇಲ್ಲೆ."

ಹೆದ್ದಾರಿಯಲ್ಲಿ ಮೀನಿನ ಲಾರಿಯೊಂದು ಹಾದುಹೋಯಿತು.

"ಹೌದಾ ಮುತ್ತ?" ಪಾಂಡುವಿನ ದನಿ ಬೇರೆ ಯಾರದೋ ಎಂಬಂತೆ ಕೇಳಿಸಿತು.

ಮುತ್ತಣ್ಣ ಮುಷ್ಟಿ ಬಿಚ್ಚಿದ. "ಹೂಗಿನ್ ನೂಲ್ ಮಾರಾಯ," ಎಂದ. "ಅದನ್ನ್ ಯಾರ್ ಕಾಂತ್ರ್? ಬ್ರಹ್ಮಾವರದವ್ನೂ ಕಾಣ್ಲಿಲ್ಲೆ."

ಪಾಂಡು ನೆರಳಿನ ಗೆರೆ ದಾಟಿ ಒಳಗೆ ಬಂದು, ಇಂಜಿನ್ನಿನ ಮೇಲೆ ಬಾಗಿದ.

"ಇನ್ನೂ ಇತ್ತಾ ಒಳ್ಗೆ?"

"ಅರ್ಧಕ್ಕಿಂತ ಜಾಸ್ತಿ ಇತ್ತ್. ಪುಲ್ಲಿ ಚೂರ್ ಚೂರೇ ತಿರ್ಸ್ತಾ ತೆಗೀಕ್."

ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರು ಕೂರಿಸಿ ಮುತ್ತಣ್ಣ ಅದರ ಹಿಡಿಯನ್ನು ವಿನಯಾಳ ಕೈಗೆ ಕೊಟ್ಟ. ಅವಳು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಡಿದುಕೊಂಡಳು. ತಣ್ಣಗಿತ್ತು, ಭಾರವಿತ್ತು. ಮುತ್ತಣ್ಣ ಮೀಟಿದ. ಮೊದಲ ತುಂಡು ಬಂದಾಗ ಎಲ್ಲಿ ಹಾಕುವುದೆಂದು ತಿಳಿಯದೆ ಅತ್ತಿತ್ತ ನೋಡಿದ. ನೆಲಕ್ಕೆ ಹಾಕಲಿಲ್ಲ. ಪಾಂಡು ಅಂಗೈ ಒಡ್ಡಿದ.

"ತಿರ್ಸ್," ಎಂದ ಮುತ್ತಣ್ಣ.

ಅವಳು ತಿರುಗಿಸಿದಳು. ಇನ್ನೊಂದು ತುಂಡು ಬಂತು. ಪಾಂಡು ಅದನ್ನೂ ಹಿಡಿದುಕೊಂಡು, ಬೆರಳು ಮುಚ್ಚದೆ, ಮುಂದಿನದಕ್ಕೆ ಕೈ ಒಡ್ಡಿಕೊಂಡೇ ನಿಂತ.